ಕರಿನೀರಿಗೆ ಹೊರಟವರಿಗೆ

ಪೂಜೆಯ ಗದ್ದಲ ಮುಗಿದು ಟಾಲಿಗಂಜಿನ ಮಿಠಾಯಿ ಅಂಗಡಿಗಳಲ್ಲಿ ಹೊಸ ಈಚಲ ಬೆಲ್ಲದ ಸಂದೇಶ್ ಕಾಣಿಸಿಕೊಳ್ಳುವ ಹೊತ್ತಿಗೆ ಈ ಪುಟಕ್ಕೆ ಬರುವ ಕಾಗದಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. “ಊರಿನಿಂದ ಅತ್ತೆ ಮಾವ ಬರುತ್ತಾರೆ. ಕಾಳೀಘಾಟ, ದಕ್ಷಿಣೇಶ್ವರ, ಬೇಲೂರು ಮಠ ಕಳೆದ ಸಲವೇ ಆದವು. ಪುರಿಯೂ ಆಯಿತು. ಈ ಸಲ ಅಂಡಮಾನಿಗೆ ಹೋಗೋಣವೆಂದಿದ್ದೇವೆ. ಏನೇನು ನೋಡಬೇಕು? ಎಷ್ಟು ದಿನ ಬೇಕು? ಊಟಕ್ಕೇನು ಗತಿ?” ಇದು ಆ ಕಾಗದಗಳ ಸಾರ. (ಬೇಲೂರು ಮಠವೆಂದೊಡನೆ ಚೆನ್ನಕೇಶವನೆಲ್ಲಿ ಎಂದು ಕೇಳುವ ಹಾಸನದ ಹಿರಿಯರು ಇನ್ನೂ ಇದ್ದಾರೆ; ಅವರಿಗೆ ಸಮಾಧಾನ ಹೇಳುವ ಕೆಲಸ ಬೇರೆ ಪುಟದ್ದು.) ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲರಿಗೂ ಸೇರಿಸಿ ಇಲ್ಲಿಯೇ ಹೇಳಿಬಿಡುವುದು ಲೇಸೆಂದು ತೋರಿತು. ಏನು ನೋಡಬೇಕೆಂಬುದರ ಜೊತೆಗೆ, ಏನನ್ನು ನೋಡಲು ಹೋಗಬಾರದೆಂಬ ಒಂದು ಮಾತನ್ನೂ ಹೇಳಬೇಕಾಗಿದೆ. ಅದು ಕೆಲವರಿಗೆ ರುಚಿಸಲಾರದು. ಆದರೂ ಹೇಳುತ್ತೇವೆ.

ಮೊದಲು ಅಜ್ಜಿಯರ ಭಯ. ನಮ್ಮ ಹಳ್ಳಿಗಳಲ್ಲಿ ಅಂಡಮಾನ್ ಎಂಬುದು ಊರಿನ ಹೆಸರಾಗಿರಲಿಲ್ಲ, ಶಿಕ್ಷೆಯ ಹೆಸರಾಗಿತ್ತು. ಕರಿನೀರಿಗೆ ಹೋದವನು ತಿರುಗಿ ಬಾರನೆಂಬುದು ಮಾತು. ಈಗ ದಂಡಂನ ವಿಮಾನ ನಿಲ್ದಾಣದಿಂದ ಹೊರಟರೆ ಎರಡು ಗಂಟೆ ಚಿಲ್ಲರೆಯಲ್ಲಿ ಅಲ್ಲಿ ಇಳಿಯಬಹುದು. ಕಿದರ್‌ಪುರದ ಗೋದಿಯಿಂದ ಹಡಗಿನಲ್ಲಿ ಹೋಗುವವರಿಗೆ ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಹುಗ್ಲಿ ನದಿಯನ್ನು ದಾಟಿ ಕಡಲು ಸೇರುವುದಕ್ಕೇ ಒಂದು ಹೊತ್ತು ಬೇಕು. ಹಡಗಿನ ಆಸೆಯುಳ್ಳವರು ಅದು ಯಾವಾಗ ಹೊರಡುವುದೆಂದು ಮೊದಲೇ ವಿಚಾರಿಸಿಕೊಳ್ಳಬೇಕು, ಮಕ್ಕಳ ಶಾಲೆಯ ರಜೆಯನ್ನು ಅದಕ್ಕೆ ಕಟ್ಟಿಹಾಕಬಾರದು.

ದ್ವೀಪಗಳು ಐನೂರಕ್ಕೂ ಮಿಕ್ಕಿವೆ. ಜನವಸತಿಯಿರುವವು ನಲವತ್ತಕ್ಕೂ ಕಡಿಮೆ. 2011ರ ಜನಗಣತಿಯಲ್ಲಿ ಒಟ್ಟು ಜನ 3,80,581. ನಮ್ಮ ಕಲ್ಕತ್ತೆಯ ಹತ್ತು ಹನ್ನೆರಡು ವಾರ್ಡುಗಳ ಜನಕ್ಕೆ ಸಮ. ಉತ್ತರದಲ್ಲಿ ಅಂಡಮಾನ್, ದಕ್ಷಿಣದಲ್ಲಿ ನಿಕೋಬಾರ್, ನಡುವೆ ಹತ್ತು ಡಿಗ್ರಿ ಕಾಲುವೆಯೆಂಬ ಅಗಲವಾದ ಕಡಲು. ನಿಕೋಬಾರಿಗೆ ನಮ್ಮಂಥ ಪ್ರವಾಸಿಗಳನ್ನು ಸುಮ್ಮನೆ ಬಿಡುವುದಿಲ್ಲ, ಆದ್ದರಿಂದ ಅದನ್ನು ಮರೆತುಬಿಡಿ. ಚಾಮರಾಜನಗರದಿಂದ ನೇರ ಪೂರ್ವಕ್ಕೆ ಒಂದು ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಪೋರ್ಟ್ ಬ್ಲೇರಿನ ಮೇಲೆಯೇ ಹಾಯುತ್ತದೆ. ಈ ಊರಿಗೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾಯಿತು. ಅದಕ್ಕೂ ಮೊದಲು, 2018ರ ಡಿಸೆಂಬರ್ 30ರಂದು, ರಾಸ್ ದ್ವೀಪವು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವೂ, ನೀಲ್ ದ್ವೀಪವು ಶಹೀದ್ ದ್ವೀಪವೂ, ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವೂ ಆದವು. ಟಿಕೆಟ್ಟಿನಲ್ಲಿ ಒಂದು ಹೆಸರು, ಆಟೋದವನ ಬಾಯಲ್ಲಿ ಇನ್ನೊಂದು ಹೆಸರಿದ್ದರೆ ಗಾಬರಿ ಬೀಳಬೇಡಿ. ಧರ್ಮತಲಾ, ಎಸ್ಪ್ಲನೇಡ್ ಎರಡೂ ಒಂದೇ ಎಂದು ಕಲಿತ ನಮಗೆ ಇದೇನು ದೊಡ್ಡದಲ್ಲ.

ಗಡಿಯಾರದ ವಿಷಯದಲ್ಲಿ ಊರಿನಿಂದ ಬಂದವರಿಗೆ ಒಂದು ಎಚ್ಚರಿಕೆ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಆರಕ್ಕೆ ಮುಂಚೆಯೇ ಹಾಜರಾಗುತ್ತಾನೆ. ಕಲ್ಕತ್ತೆಯ ಮಕ್ಕಳಿಗೆ ಇದು ವಿಶೇಷವಲ್ಲ. ಮೈಸೂರಿನ ಮಾವನವರು ಮಾತ್ರ ಮಧ್ಯಾಹ್ನದ ನಿದ್ದೆ ಮುಗಿಸಿ ಕಾಫಿ ಕುಡಿದು “ಇನ್ನು ಹೊರಡೋಣ” ಎನ್ನುವಷ್ಟರಲ್ಲಿ ಕತ್ತಲೆಯಾಗಿರುತ್ತದೆ. ನೋಡುವುದನ್ನೆಲ್ಲ ಬೆಳಗಿನ ಹೊತ್ತಿನಲ್ಲಿಯೇ ನೋಡಬೇಕು. ಮಳೆಯೂ ಎರಡು ಸಲ, ಮುಂಗಾರು ಒಂದು, ಹಿಂಗಾರು ಒಂದು. ಪೂಜೆಯ ರಜೆಯಲ್ಲಿ ಹೋದವರು ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಸಿಕ್ಕಿ ಹೋಟೆಲಿನಲ್ಲಿ ಇಸ್ಪೀಟಾಡಿಕೊಂಡು ಬಂದದ್ದೂ ಉಂಟು. ಡಿಸೆಂಬರಿನಿಂದ ಮಾರ್ಚಿಯವರೆಗಿನ ಕಾಲ ಒಳ್ಳೆಯದು.

ಇನ್ನು ನೋಡುವ ವಿಷಯ. ಪೋರ್ಟ್ ಬ್ಲೇರಿಗೆ ಹೋದವರು ಮೊದಲ ದಿನವೇ ಸೆಲ್ಯುಲರ್ ಜೈಲಿಗೆ ಹೋಗಬೇಕೆಂದು ನಮ್ಮ ಅಭಿಪ್ರಾಯ. ಕೆಲವರು ಕಡಲು, ಹವಳ, ದೋಣಿ ಎಲ್ಲ ಮುಗಿಸಿ, ವಿಮಾನಕ್ಕೆ ಎರಡು ಗಂಟೆ ಉಳಿದಿರುವಾಗ ಅಲ್ಲಿಗೆ ಓಡಿ, ಬಾಗಿಲ ಮುಂದೆ ಚಿತ್ರ ತೆಗೆಸಿಕೊಂಡು ಬರುತ್ತಾರೆ. ಅದು ಸಲ್ಲದು. ಆ ಸೆರೆಮನೆಯನ್ನು ನೋಡಿದ ಮೇಲೆ ಉಳಿದ ದ್ವೀಪಗಳೆಲ್ಲ ಬೇರೆಯಾಗಿ ಕಾಣಿಸುತ್ತವೆ.

ಅದರ ಕಟ್ಟಡ 1896ರಲ್ಲಿ ಆರಂಭವಾಗಿ 1906ರಲ್ಲಿ ಮುಗಿಯಿತು. ನಡುವೆ ಒಂದು ಗೋಪುರ. ಗಾಲಿಯ ಅರೆಗಳಂತೆ ಅದರಿಂದ ಹೊರಟ ಏಳು ಸಾಲು, ಒಂದೊಂದೂ ಮೂರು ಅಂತಸ್ತು. ಒಟ್ಟು ಏಳುನೂರಕ್ಕೆ ಸಮೀಪ ಕೋಣೆಗಳು, ಒಂದೊಂದರಲ್ಲಿ ಒಬ್ಬನೇ ಮನುಷ್ಯ. ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ, ಕೈಗೆಟುಕದ ಎತ್ತರದಲ್ಲಿ ಒಂದು ಬೆಳಕಿಂಡಿ. ಇದರಲ್ಲಿ ಒಂದು ಉಪಾಯವಿದೆ, ಮಕ್ಕಳಿಗೆ ತೋರಿಸಿಕೊಡಿ: ಒಂದು ಸಾಲಿನ ಬಾಗಿಲುಗಳೆಲ್ಲ ಮುಂದಿನ ಸಾಲಿನ ಬೆನ್ನಿಗೆ ಮುಖ ಮಾಡಿವೆ. ಸಾವಿರ ದಿನ ಇದ್ದರೂ ಒಬ್ಬ ಕೈದಿ ಇನ್ನೊಬ್ಬ ಕೈದಿಯ ಮುಖವನ್ನು ತನ್ನ ಕೋಣೆಯಿಂದ ಕಾಣಲಾರ. ಗೋಡೆಗಿಂತಲೂ ಈ ಲೆಕ್ಕಾಚಾರವೇ ನಮಗೆ ಹೆಚ್ಚು ಭಯಂಕರವಾಗಿ ತೋರುತ್ತದೆ. ಏಳು ಸಾಲುಗಳಲ್ಲಿ ಈಗ ಉಳಿದಿರುವವು ಮೂರು. ತೆರವಾದ ಜಾಗದಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಎದ್ದಿದೆ. 1979ರ ಫೆಬ್ರವರಿ 11ರಂದು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು.

ಗೋಪುರದಲ್ಲಿ ಅಮೃತಶಿಲೆಯ ಫಲಕಗಳಿವೆ, ಪ್ರಾಂತವಾರು ಹೆಸರುಗಳು. ಬಂಗಾಳದ ಪಟ್ಟಿ ಎಲ್ಲಕ್ಕಿಂತ ಉದ್ದ. ಕಲ್ಕತ್ತೆಯಲ್ಲಿ ಬೆಳೆದ ನಮ್ಮ ಮಕ್ಕಳು ಆ ಹೆಸರುಗಳನ್ನು ಬೀದಿಗಳ ಹೆಸರಾಗಿ, ಶಾಲೆಯ ಪಾಠವಾಗಿ ಬಲ್ಲರು. ಮಾಣಿಕ್‌ತಲಾದ ತೋಟದಲ್ಲಿ 1908ರಲ್ಲಿ ಸಿಕ್ಕಿಬಿದ್ದ ಬಾರೀಂದ್ರ ಕುಮಾರ ಘೋಷ್, ಉಲ್ಲಾಸಕರ ದತ್ತ, ಉಪೇಂದ್ರನಾಥ ಬಂದ್ಯೋಪಾಧ್ಯಾಯ, ಹೇಮಚಂದ್ರ ಕಾನುನ್‌ಗೋ ಮುಂತಾದವರು ಆಲಿಪುರದ ಮೊಕದ್ದಮೆಯಲ್ಲಿ ಶಿಕ್ಷೆಯಾಗಿ ಇಲ್ಲಿಂದಲೇ ಹಡಗು ಹತ್ತಿದರು. ಅಲ್ಲಿ ಎತ್ತಿನ ಬದಲು ಮನುಷ್ಯನನ್ನು ಗಾಣಕ್ಕೆ ಕಟ್ಟುತ್ತಿದ್ದರು. ದಿನಕ್ಕೆ ಮೂವತ್ತು ಪೌಂಡು ಕೊಬ್ಬರಿ ಎಣ್ಣೆ ಅಳತೆಗೆ ಕೊಡಬೇಕು, ಇಲ್ಲವಾದರೆ ದಂಡನೆ. 1912ರಲ್ಲಿ ಇಂದುಭೂಷಣ ರಾಯ್ ತನ್ನ ಕೋಣೆಯಲ್ಲಿಯೇ ಉರುಲು ಹಾಕಿಕೊಂಡ. ಅದೇ ವರ್ಷ ಉಲ್ಲಾಸಕರ ದತ್ತನ ಬುದ್ಧಿ ಕೆಟ್ಟುಹೋಯಿತು. ಮುಂದೆ 1933ರ ಉಪವಾಸದಲ್ಲಿ ಮಹಾವೀರ ಸಿಂಹ, ಮೋಹನ ಕಿಶೋರ ನಾಮದಾಸ, ಮೋಹಿತ ಮೈತ್ರ ಎಂಬ ಮೂವರು ತೀರಿಕೊಂಡರು. ಉಪೇಂದ್ರನಾಥರು ಬಿಡುಗಡೆಯಾಗಿ ಬಂದ ಮೇಲೆ ಬರೆದ ‘ನಿರ್ಬಾಸಿತೇರ್ ಆತ್ಮಕಥಾ’ ಎಂಬ ಬಂಗಾಳಿ ಪುಸ್ತಕ ಕಾಲೇಜ್ ಸ್ಟ್ರೀಟಿನಲ್ಲಿ ಹುಡುಕಿದರೆ ಸಿಗುತ್ತದೆ. ಅಂಥ ನರಕದ ಕಥೆಯನ್ನು ನಗುತ್ತ ಹೇಳಿದ ಪುಸ್ತಕ ಅದು. ಮನೆಯಲ್ಲಿ ಬಂಗಾಳಿ ಓದಬಲ್ಲ ಹುಡುಗರಿದ್ದರೆ ಹೊರಡುವ ಮೊದಲು ಅವರಿಂದ ಓದಿಸಿ, ದೊಡ್ಡವರು ಕೇಳಿಸಿಕೊಳ್ಳಬಹುದು. ಹಾಗೆಯೇ ಒಂದು ಭಾನುವಾರ ಆಲಿಪುರಕ್ಕೂ ಹೋಗಿಬನ್ನಿ. ಅಲ್ಲಿಯ ಹಳೆಯ ಸೆಂಟ್ರಲ್ ಜೈಲನ್ನು 2022ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದಿದ್ದಾರೆ, ಟಾಲಿಗಂಜಿನಿಂದ ದೂರವೇನಿಲ್ಲ.

ದೇಶದಿಂದ ಹೊರಗಟ್ಟಿಸಿಕೊಂಡವರ ಕಥೆಗೆ ಟಾಲಿಗಂಜು ಹೊಸದಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿನಲ್ಲಿರಿಸಿದ್ದರು. 1806ರಲ್ಲಿ ಅಲ್ಲಿಯ ಸಿಪಾಯಿಗಳು ದಂಗೆಯೆದ್ದಾಗ, ಇವರು ದಕ್ಷಿಣದಲ್ಲಿ ಇರುವುದೇ ಬೇಡವೆಂದು ಕಲ್ಕತ್ತೆಗೆ ಸಾಗಿಸಿದರು. ಅವರು ನೆಲೆನಿಂತದ್ದು ಈ ನಮ್ಮ ಟಾಲಿಗಂಜಿನಲ್ಲಿಯೇ. ಪ್ರಿನ್ಸ್ ಅನ್ವರ್ ಶಾ ರಸ್ತೆಯಲ್ಲಿ ತರಕಾರಿಗೆ ಚೌಕಾಸಿ ಮಾಡುವ ಗೃಹಿಣಿಯರು ಆ ಹೆಸರು ಕಾವೇರಿಯ ದಂಡೆಯಿಂದ ಬಂದ ವಂಶದ್ದೆಂದು ಒಮ್ಮೆ ನೆನೆಸಿಕೊಳ್ಳಲಿ. ನಾವು ನೌಕರಿಗಾಗಿ ಬಂದವರು, ಬೇಕೆಂದಾಗ ಯಶವಂತಪುರದ ಗಾಡಿ ಹತ್ತಬಲ್ಲೆವು. ಅವರಿಗೆ ಆ ಗಾಡಿ ಇರಲಿಲ್ಲ.

ಜೈಲಿನ ಎದುರಿಗೇ ಕಾಣುವುದು ರಾಸ್ ದ್ವೀಪ. ದೋಣಿಯಲ್ಲಿ ಸ್ವಲ್ಪ ಹೊತ್ತಿನ ದಾರಿ. 1858ರಿಂದ ಇಂಗ್ಲಿಷರ ದೊರೆತನವೆಲ್ಲ ಅಲ್ಲಿಂದ ನಡೆಯಿತು. ಬಂಗಲೆ, ಇಗರ್ಜಿ, ಬ್ರೆಡ್ಡಿನ ಭಟ್ಟಿ, ನೃತ್ಯಶಾಲೆ, ಏನುಂಟು ಏನಿಲ್ಲ. 1941ರ ಭೂಕಂಪ, 1942ರಲ್ಲಿ ಬಂದಿಳಿದ ಜಪಾನಿ ಸೈನ್ಯ, ಎರಡೂ ಸೇರಿ ಅದನ್ನು ಮುಗಿಸಿದವು. ಈಗ ಆಲದ ಜಾತಿಯ ಮರಗಳು ಗೋಡೆಗಳನ್ನು ಬೇರಿನ ಬೆರಳುಗಳಿಂದ ಹಿಡಿದು ನಿಂತಿವೆ, ಜಿಂಕೆಗಳು ಇಗರ್ಜಿಯ ನೆರಳಿನಲ್ಲಿ ಮೆಲುಕುತ್ತವೆ. ಹಂಪಿ ನೋಡಿದವರಿಗೆ ಹಾಳೂರಿನ ರುಚಿ ಗೊತ್ತು. ಇದು ಚಿಕ್ಕ ಹಾಳು, ಆದರೆ ನೋಡುವಂತಿದೆ. 1943ರ ಡಿಸೆಂಬರ್ 30ರಂದು ಸುಭಾಷರು ಪೋರ್ಟ್ ಬ್ಲೇರಿನ ಮೈದಾನದಲ್ಲಿ ಧ್ವಜವೇರಿಸಿದರು. ಅದಾಗಿ ಒಂದು ತಿಂಗಳಿಗೆ, 1944ರ ಜನವರಿ 30ರಂದು, ಅದೇ ಜಪಾನಿಗಳು ಹಂಫ್ರೀಗಂಜಿನಲ್ಲಿ ನಲವತ್ತನಾಲ್ಕು ಮಂದಿ ದ್ವೀಪವಾಸಿಗಳನ್ನು ಗೂಢಚಾರರೆಂದು ಹೇಳಿ ಗುಂಡಿಟ್ಟು ಕೊಂದರು. ಈ ಎರಡನೆಯ ಜಾಗಕ್ಕೆ ಪ್ರವಾಸಿ ಬಸ್ಸುಗಳು ಹೋಗುವುದು ಕಡಿಮೆ.

ಬೆಂಗಳೂರಿನವರಿಗೆ ಇನ್ನೊಂದು ಸ್ವಾರಸ್ಯ. ಮಹಾತ್ಮ ಗಾಂಧಿ ರಸ್ತೆಯ ತುದಿಯಲ್ಲಿ ಮೇಯೋ ಹಾಲ್ ಎಂಬ ಕೆಂಪು ಬಿಳಿ ಕಟ್ಟಡವಿದೆಯಲ್ಲ, 1883ರದು, ಅದು ಯಾರ ನೆನಪಿಗೆಂದು ಆ ನಿಲ್ದಾಣದಲ್ಲಿ ಬಸ್ಸು ಕಾಯುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ತಿಳಿಯದು. ವೈಸರಾಯ್ ಲಾರ್ಡ್ ಮೇಯೋ 1872ರ ಫೆಬ್ರವರಿ 8ರಂದು ಅಂಡಮಾನಿಗೆ ತನಿಖೆಗೆ ಬಂದವನು, ಕೆಲಸವೆಲ್ಲ ಮುಗಿದ ಮೇಲೆ ಹ್ಯಾರಿಯೆಟ್ ಬೆಟ್ಟವೇರಿ ಸೂರ್ಯಾಸ್ತ ನೋಡಿದ. ಇಳಿದು ದೋಣಿಕಟ್ಟೆಗೆ ಬರುವಷ್ಟರಲ್ಲಿ ಕತ್ತಲೆಯಾಗಿತ್ತು. ಪೇಶಾವರದ ಕಡೆಯ ಕೈದಿ ಶೇರ್ ಅಲಿ ಹಿಂದಿನಿಂದ ಹಾರಿ ಚೂರಿ ಹಾಕಿದ. ಹಿಂದೂಸ್ಥಾನದ ವೈಸರಾಯರಲ್ಲಿ ಅಧಿಕಾರದಲ್ಲಿರುವಾಗಲೇ ಕೊಲೆಯಾದವನು ಇವನೊಬ್ಬನೇ. ಅಂಡಮಾನಿನಲ್ಲಿ ಸೂರ್ಯಾಸ್ತ ನೋಡಹೋದ ಮೊದಲನೆಯ ಹೆಸರಾಂತ ಪ್ರವಾಸಿಗೆ ಬಂದ ಗತಿ ಇದು. ಆ ಬೆಟ್ಟಕ್ಕೆ 2021ರಿಂದ ಮಣಿಪುರ ಬೆಟ್ಟವೆಂದು ಹೆಸರು. 1891ರ ಯುದ್ಧದಲ್ಲಿ ಸೋತ ಮಣಿಪುರದ ಮಹಾರಾಜನನ್ನೂ ಅವನ ಕಡೆಯವರನ್ನೂ ಅಲ್ಲಿಗೇ ತಂದಿಟ್ಟಿದ್ದರು. ಈಗ ನಿರ್ಭಯವಾಗಿ ಹತ್ತಬಹುದು. ಹಳೆಯ ಕೆಂಪು ಇಪ್ಪತ್ತು ರೂಪಾಯಿಯ ನೋಟು ಮನೆಯಲ್ಲಿದ್ದರೆ ಜೇಬಿಗೆ ಹಾಕಿಕೊಂಡು ಹೋಗಿ, ಅದರ ಬೆನ್ನಿನ ಮೇಲಿನ ತೆಂಗಿನ ಸಾಲು, ಕಡಲು ಅಲ್ಲಿಂದಲೇ ಕಾಣುತ್ತದೆ.

ಊಟದ ವಿಷಯ ಕೇಳಿದ್ದೀರಿ. ಬಂಗಾಳಿಯೇ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಮಾತೃಭಾಷೆ, ಅದರ ಹಿಂದೆ ಹಿಂದಿ, ತಮಿಳು, ತೆಲುಗು. ಆದ್ದರಿಂದ ಮೀನೂ ಸಿಗುತ್ತದೆ, ಇಡ್ಲಿಯೂ ಸಿಗುತ್ತದೆ. ನಮ್ಮ ಮಕ್ಕಳು ಟಾಲಿಗಂಜಿನ ಆಟದ ಬಯಲಿನಲ್ಲಿ ಕಲಿತ ಬಂಗಾಳಿ ಅಲ್ಲಿಯ ಪೇಟೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಅಜ್ಜ ಅಜ್ಜಿಯರಿಗೆ ದುಭಾಷಿಯ ಕೆಲಸ ಮಾಡುವ ಮೊಮ್ಮಗನಿಗೆ ಒಂದು ಐಸ್‌ಕ್ರೀಮು ಹೆಚ್ಚಾಗಿ ಕೊಡಿಸಬೇಕು.

ಆ ಬಂಗಾಳಿಗಳು ಯಾರು ಎಂಬುದು ನಮ್ಮ ಬಡಾವಣೆಯವರಿಗೆ ತಿಳಿಯಬೇಕಾದ ಸಂಗತಿ. ದೇಶವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ವಿಜಯಗಢ, ಆಜಾದ್‌ಗಢ, ನೇತಾಜಿನಗರವೆಂದು ಟಾಲಿಗಂಜಿನ ಸುತ್ತಮುತ್ತ ಕಾಲೊನಿಗಳನ್ನು ಕಟ್ಟಿಕೊಂಡರು. ನಮ್ಮಲ್ಲಿ ಅನೇಕರ ಮನೆಯೊಡೆಯರು, ನೆರೆಯವರು, ಮಕ್ಕಳ ಮೇಷ್ಟರುಗಳು ಆ ಮನೆತನದವರೇ. ಇಲ್ಲಿ ಜಾಗ ಸಾಲದಾದಾಗ ಸರ್ಕಾರ 1949ರಿಂದ ಹಲವು ಸಂಸಾರಗಳನ್ನು ಹಡಗಿನಲ್ಲಿ ಅಂಡಮಾನಿಗೆ ಕಳಿಸಿತು. ಕೈದಿಗಳ ಹಡಗು ಹೋದ ನೀರಿನಲ್ಲಿಯೇ ಮಕ್ಕಳನ್ನು ಕಂಕುಳಲ್ಲಿ ಹಿಡಿದು ಹೋದವರು ಅವರು. ಕಾಡು ಕಡಿದು ಗದ್ದೆ ಮಾಡಿದರು. ಸ್ವರಾಜ್ ದ್ವೀಪದ ಗೋವಿಂದನಗರ, ರಾಧಾನಗರ, ಶಹೀದ್ ದ್ವೀಪದ ಭರತಪುರ, ಲಕ್ಷ್ಮಣಪುರ, ಸೀತಾಪುರ ಎಂಬ ಹೆಸರುಗಳು ಆ ವಸತಿಗಳವು. ರಾಧಾನಗರದ ದಂಡೆಯನ್ನು ಏಷ್ಯಾದಲ್ಲೇ ಉತ್ತಮವೆಂದು 2004ರಲ್ಲಿ ಟೈಮ್ ಪತ್ರಿಕೆ ಹೊಗಳಿದ ಮೇಲೆ ಜಗತ್ತೇ ಅಲ್ಲಿಗೆ ಬರುತ್ತಿದೆ. ಎಳನೀರು ಕೊಚ್ಚುವ ಮುದುಕನನ್ನು “ದಾದೂ, ನಿಮ್ಮ ದೇಶ ಯಾವುದು?” ಎಂದು ಕೇಳಿದರೆ, ಬಾರಿಸಾಲ ಎಂದೋ ಖುಲ್ನಾ ಎಂದೋ ಉತ್ತರ ಬರಬಹುದು. ದಕ್ಷಿಣ ಅಂಡಮಾನಿನಲ್ಲಿ ಕಲ್ಲಿಕೋಟೆ, ಮಂಜೇರಿ, ತಿರೂರು, ವಂಡೂರು ಎಂಬ ಊರುಗಳೂ ಇವೆ. ಅವು 1921ರ ಮಲಬಾರಿನ ದಂಗೆಯ ಮೇಲೆ ಸಾಗಿಸಿದ ಮಾಪಿಳ್ಳೆಯವರ ನೆನಪು.

ಕಡಲ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ, ಅದು ತಾನೇ ಹೇಳಿಕೊಳ್ಳುತ್ತದೆ. ಉಡುಪಿಯವರು ಮಾತ್ರ “ನಮ್ಮ ಮಲ್ಪೆಗಿಂತ ಏನು ಹೆಚ್ಚು?” ಎಂದು ಕೇಳಿಯೇ ಕೇಳುತ್ತಾರೆ. ನೀರಿನ ಬಣ್ಣ ಹೆಚ್ಚು. ದೀಘಾದ ಕಡಲು ಗಂಗೆಯ ಮಣ್ಣಿನಿಂದ ಚಹದಂತೆ ಕಾಣುತ್ತದೆ. ಅಂಡಮಾನಿನಲ್ಲಿ ಅಂಥ ದೊಡ್ಡ ನದಿಯಿಲ್ಲ, ಮಣ್ಣು ತಂದು ಸುರಿಯುವವರಿಲ್ಲ. ಹವಳವೂ ಚಿಪ್ಪೂ ಪುಡಿಯಾಗಿ ಆದ ಬಿಳಿಯ ಮರಳಿನ ಮೇಲೆ ತಿಳಿನೀರು ನಿಂತಾಗ ಹಸುರು ನೀಲಿ ತಾನಾಗಿ ಬರುತ್ತದೆ. ಜೀವಂತ ಹವಳವನ್ನು ನೋಡಬೇಕಾದರೆ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗಬೇಕು. ಅದು 1983ರಲ್ಲಿ ಕಾಯ್ದಿಟ್ಟ ಮಹಾತ್ಮ ಗಾಂಧಿ ಸಾಗರ ಉದ್ಯಾನದ ಹದಿನೈದು ದ್ವೀಪಗಳಲ್ಲೊಂದು. ಮಳೆಗಾಲದಲ್ಲಿ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪಕ್ಕೆ ಬಿಡುತ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ಪ್ರವೇಶವಿಲ್ಲ. ಚಕ್ಕುಲಿ ಕೋಡುಬಳೆಯನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿಕೊಳ್ಳಿ. ಗಾಜಿನ ತಳದ ದೋಣಿಯಿಂದ ನೋಡಿದರೆ ಸಾಕು, ಹವಳದ ಮೇಲೆ ಕಾಲಿಡಬೇಡಿ. ಅದು ಕಲ್ಲಲ್ಲ, ಪ್ರಾಣಿ.

ಇನ್ನು ಬೇಡವೆಂದ ಮಾತು. ಪೋರ್ಟ್ ಬ್ಲೇರಿನ ಪ್ರವಾಸದ ಅಂಗಡಿಗಳೆಲ್ಲ ನಿಮಗೆ ಬಾರಾಟಾಂಗ್ ಎಂಬ ಒಂದು ದಿನದ ಯಾತ್ರೆಯನ್ನು ಮಾರಲು ನೋಡುತ್ತವೆ. ನಡುರಾತ್ರಿ ಕಳೆದು ಎದ್ದು, ಜಿರ್ಕಾಟಾಂಗ್ ಎಂಬ ತನಿಖೆಯ ಠಾಣೆಯಲ್ಲಿ ಕಾದು, ಪೋಲೀಸರ ಕಾವಲಿನಲ್ಲಿ ವಾಹನಗಳ ಸಾಲಾಗಿ ಕಾಡಿನೊಳಗೆ ಹೋಗಬೇಕು. ಆಮೇಲೆ ಕಡಲ ಕಾಲುವೆ ದಾಟಿ, ಕಾಂಡ್ಲದ ಕಾಡಿನಲ್ಲಿ ದೋಣಿಯೇರಿ, ಒಂದಿಷ್ಟು ನಡೆದರೆ ಸುಣ್ಣಕಲ್ಲಿನ ಗುಹೆ. ಇನ್ನೊಂದು ಕಡೆ ಕೆಸರು ಬುಗುಳುವ ಗುಂಡಿ, ಅದಕ್ಕೆ ಕೆಸರಿನ ಜ್ವಾಲಾಮುಖಿಯೆಂದು ದೊಡ್ಡ ಹೆಸರು. ಅಂಗಡಿಯವನು ಇವನ್ನೆಲ್ಲ ಗಟ್ಟಿಯಾಗಿ ಹೇಳಿ, ಕೊನೆಗೆ ಧ್ವನಿ ತಗ್ಗಿಸಿ, “ದಾರಿಯಲ್ಲಿ ಅದೃಷ್ಟವಿದ್ದರೆ ಜಾರವಾಗಳೂ ಕಾಣುತ್ತಾರೆ” ಎನ್ನುತ್ತಾನೆ. ಮಾರಾಟವಾಗುವುದು ಆ ತಗ್ಗಿಸಿದ ಧ್ವನಿಯ ಸರಕು.

ಜಾರವಾ ಎಂಬವರು ಆ ಕಾಡಿನ ಮನುಷ್ಯರು. 2011ರ ಗಣತಿಯಲ್ಲಿ 380 ಮಂದಿ. ನಮ್ಮ ಸಂಘದ ಯುಗಾದಿಯ ಊಟಕ್ಕೆ ಇದಕ್ಕಿಂತ ಹೆಚ್ಚು ಎಲೆ ಬಿದ್ದಾವು. ಅವರಿಗೆಂದು 1957ರಲ್ಲಿ ಕಾಡನ್ನು ಕಾಯ್ದಿಟ್ಟರು. ಆಮೇಲೆ ಅದರ ನಡುವೆಯೇ ಹೆದ್ದಾರಿ ಸೀಳಿ 1989ರಲ್ಲಿ ತೆರೆದರು. 1990ರ ದಶಕದ ಕೊನೆಯವರೆಗೆ ಅವರು ಹೊರಗಿನವರನ್ನು ಬಾಣದಿಂದಲೇ ಮಾತನಾಡಿಸುತ್ತಿದ್ದರು. ಆಮೇಲೆ ತಾವಾಗಿ ಹೊರಗೆ ಬರತೊಡಗಿದರು. ಬಂದ ಮೇಲೆ 1999ರಲ್ಲಿ ದಡಾರ ಹಬ್ಬಿತು. ನಮ್ಮ ಮನೆಯಲ್ಲಿ ಮಗುವಿಗೆ ದಡಾರವೆಂದರೆ ಬೇವಿನ ಸೊಪ್ಪು, ಒಂದು ವಾರದ ಶಾಲೆಯ ರಜೆ. ಆ ರೋಗವನ್ನು ತಲೆತಲಾಂತರದಿಂದ ಕಾಣದ ಮೈಗೆ ಅದು ಬೇರೆಯೇ ಲೆಕ್ಕ.

ಆ ಲೆಕ್ಕ ಹೇಗಿರುತ್ತದೆಂದು ಅಂಡಮಾನ್ ಒಮ್ಮೆ ತೋರಿಸಿಕೊಟ್ಟಿದೆ. 1858ರ ಮಾರ್ಚ್ 4ರಂದು ಕಲ್ಕತ್ತೆಯಿಂದ 200 ಕೈದಿಗಳನ್ನು ಹೊತ್ತ ಮೊದಲ ಹಡಗು ಹೊರಟಾಗ ಅಲ್ಲಿ ಗ್ರೇಟ್ ಅಂಡಮಾನೀಯರೆಂಬ ಜನ ಐದು ಸಾವಿರದಷ್ಟು ಇದ್ದರೆಂದು ಅಂದಾಜು. 1859ರ ಮೇ 17ರಂದು ಅವರು ಬಿಲ್ಲು ಬಾಣ ಹಿಡಿದು ಇಂಗ್ಲಿಷರ ಮೇಲೆ ಬಿದ್ದರು. ಅವರ ನಡುವೆ ಒಂದು ವರ್ಷ ಆಶ್ರಯ ಪಡೆದಿದ್ದ ದೂಧನಾಥ ತಿವಾರಿಯೆಂಬ ಕೈದಿ ಮೊದಲೇ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರಿಂದ ಸೋತರು. ಅದು ಬಾಣದ ಸೋಲು; ಉಳಿದುದನ್ನು ರೋಗಗಳು ಮುಗಿಸಿದವು. 1961ರ ಗಣತಿಯಲ್ಲಿ ಉಳಿದವರು 19. ಅವರ ಭಾಷೆಗಳಲ್ಲಿ ‘ಬೋ’ ಎಂಬುದೊಂದು. ಅದನ್ನಾಡುತ್ತಿದ್ದ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರ ಜನವರಿಯಲ್ಲಿ ತೀರಿಕೊಂಡಳು. ಅದಕ್ಕೂ ಮೊದಲು ಎಷ್ಟೋ ವರ್ಷ ಅವಳಿಗೆ ತನ್ನ ಮಾತಿನಲ್ಲಿ ಮರುಮಾತು ಕೊಡುವವರೇ ಇರಲಿಲ್ಲ.

ಜಾರವಾಗಳ ಕಾಡಿನ ಭಾಗದಲ್ಲಿ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿತು. ಮುಚ್ಚಲಿಲ್ಲ. 2012ರಲ್ಲಿ ಪ್ರವಾಸಿಗಳ ಮುಂದೆ ಆ ಹೆಂಗಸರನ್ನು ತಿಂಡಿಯ ಆಸೆ ತೋರಿಸಿ ಕುಣಿಸಿದ ಚಿತ್ರಗಳು ಹೊರಬಿದ್ದು ಲೋಕವೆಲ್ಲ ಛೀಮಾರಿ ಹಾಕಿತು. 2013ರ ಜನವರಿಯಲ್ಲಿ ಕೋರ್ಟು ಪ್ರವಾಸಿಗಳನ್ನು ತಡೆಯಿತು. ಮಾರ್ಚಿಯಲ್ಲಿ ಆ ತಡೆ ತೆರವಾಯಿತು. ಈಗ ಚಿತ್ರ ತೆಗೆದರೆ, ತಿನ್ನಲು ಕೊಟ್ಟರೆ, ಗಾಡಿ ನಿಲ್ಲಿಸಿದರೆ ಸೆರೆಮನೆಯವರೆಗೂ ಹೋಗುವ ಕಾನೂನಿದೆ. ವಾಹನಗಳ ಸಾಲು ಮಾತ್ರ ನಿಂತಿಲ್ಲ.

“ನಾವು ಬಸ್ಸಿನಲ್ಲಿ ಸುಮ್ಮನೆ ಕೂತು ಹೋದರೆ ಯಾರಿಗೇನು ನಷ್ಟ?” ಎಂದು ಒಬ್ಬ ಓದುಗರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಮಧ್ಯ ಮತ್ತು ಉತ್ತರ ಅಂಡಮಾನಿನಲ್ಲಿ ಬದುಕುವ ರೈತನಿಗೆ ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ ಆ ರಸ್ತೆ ಬೇಕು. ಅದರ ವ್ಯವಹಾರ ಅವನೂ ಸರ್ಕಾರವೂ ಸೇರಿ ತೀರ್ಮಾನಿಸಿಕೊಳ್ಳಬೇಕಾದದ್ದು, ಟಾಲಿಗಂಜಿನಲ್ಲಿ ಫ್ಯಾನಿನ ಕೆಳಗೆ ಕೂತ ನಾವು ಅವನಿಗೆ ಬುದ್ಧಿ ಹೇಳಲಾರೆವು. ಗಾಡಿ ಓಡಿಸುವವನ ಹೊಟ್ಟೆಪಾಡೂ ಸುಳ್ಳಲ್ಲ. ಆದರೆ ನಮ್ಮ ಒಂದು ಗಾಡಿ ಆ ಸಾಲಿಗೆ ಸೇರುವುದು ಕೇವಲ ನಮ್ಮ ಚಪಲಕ್ಕೆ. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಕಡೆಗೇ ಕತ್ತು ಚಾಚಿ ಕೂತಿರುತ್ತಾರೆ, ಯಾರೂ ಮರಗಳನ್ನು ನೋಡುತ್ತಿರುವುದಿಲ್ಲ. ಹಿಂದೆ ಈ ಊರಿಗೆ ಹೊಸದಾಗಿ ಬಂದ ನಮ್ಮ ಹೆಂಗಸರು ಮುಡಿ ತುಂಬ ಹೂವು ಮುಡಿದು ಟ್ರಾಮು ಹತ್ತಿದರೆ “ಮಾದ್ರಾಜಿ, ಮಾದ್ರಾಜಿ” ಎಂದು ಬೆರಳು ತೋರುವವರಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಬರೀ ಕುತೂಹಲದಿಂದ. ಮುಂದಿನ ನಿಲ್ದಾಣದಲ್ಲಿ ಇಳಿದು ಹೋಗುವ ಅನುಕೂಲವಾದರೂ ನಮಗಿತ್ತು.

ಬಾರಾಟಾಂಗಿನಲ್ಲಿ ಉಳಿದದ್ದೇನು? ಕಾಂಡ್ಲ ಕಾಡು ಬೇಕಾದರೆ ಸುಂದರವನ ಕಲ್ಕತ್ತೆಯ ಹಿತ್ತಿಲಲ್ಲಿಯೇ ಇದೆ, ಹುಲಿಯ ಸಮೇತ. ಸುಣ್ಣಕಲ್ಲಿನ ಗುಹೆ ಬೇಕಾದರೆ, ಊರಿಗೆ ಹೋಗುವಾಗ ವಿಶಾಖಪಟ್ಟಣದಲ್ಲಿಳಿದು ಅರಕು ದಾರಿಯ ಬೊರ್ರಾ ಗುಹೆ ನೋಡಿ, ಬಾರಾಟಾಂಗಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಬಳ್ಳಾರಿಯ ಕಡೆಯವರಿಗೆ ಬೇಲಂ ಗುಹೆಗಳು ಹತ್ತಿರ, ಒಳದಾರಿ ಮೂರು ಕಿಲೋಮೀಟರಿಗೂ ಹೆಚ್ಚು. ಕೆಸರಿನ ಗುಂಡಿಯೊಂದನ್ನು ಕಳೆದುಕೊಂಡಿರೆಂದು ದುಃಖಪಡುವವರು ಆಷಾಢದಲ್ಲಿ ನಮ್ಮ ಓಣಿಗೆ ಬರಬಹುದು.

ಆ ಉಳಿದ ದಿನವನ್ನು ಪೋರ್ಟ್ ಬ್ಲೇರಿನಲ್ಲೇ ಕಳೆಯಿರಿ. ಅಲ್ಲಿಯ ಮಾನವಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ಅದೇ ಜನರ ಗುಡಿಸಲು, ಬಿಲ್ಲು, ಬುಟ್ಟಿ, ದೋಣಿಗಳ ಮಾದರಿಗಳಿವೆ. ಎಷ್ಟು ಹೊತ್ತು ದಿಟ್ಟಿಸಿದರೂ ಬುಟ್ಟಿಗೆ ದಡಾರ ಬರುವುದಿಲ್ಲ. ಬೆಳಿಗ್ಗೆ ಚಾಥಂನ ಮರದ ಕಾರ್ಖಾನೆ, 1883ರಲ್ಲಿ ಆರಂಭವಾದದ್ದು. ಪಡೌಕ್ ಎಂಬ ಕೆಂಪು ಮರದ ದಿಮ್ಮಿಯನ್ನು ನೋಡಿದರೆ ದಾಂಡೇಲಿಯವರಿಗೆ ಸಂತೋಷವಾದೀತು. ಸಂಜೆ ನಾಲ್ಕಕ್ಕೆ ಮುಂಚೆ ಚಿಡಿಯಾ ಟಾಪುವಿಗೆ ಹೊರಡಿ, ಸೂರ್ಯಾಸ್ತಕ್ಕೆ. ಒಟ್ಟು ಆರು ದಿನ ಧಾರಾಳವಾಗಿ ಸಾಕು: ಪೋರ್ಟ್ ಬ್ಲೇರಿಗೆ ಮೂರು, ಸ್ವರಾಜ್ ದ್ವೀಪಕ್ಕೆ ಎರಡು, ಶಹೀದ್ ದ್ವೀಪಕ್ಕೆ ಒಂದು. ದ್ವೀಪಗಳ ನಡುವಿನ ದೋಣಿಗಳಿಗೆ ಕ್ರಿಸ್‌ಮಸ್ ವಾರದಲ್ಲಿ ವಿಪರೀತ ನೂಕುನುಗ್ಗಲು, ಟಿಕೆಟ್ಟು ಮೊದಲೇ ಕೊಂಡಿಡಿ. ದೋಣಿಯಲ್ಲಿ ವಾಂತಿಯಾಗುವವರು ಹೊಟ್ಟೆ ತುಂಬ ಪೊಂಗಲ್ ತಿಂದು ಹತ್ತಬಾರದು.

ಕೊನೆಯದಾಗಿ ಶಂಖ, ಚಿಪ್ಪು. ಅಂಗಡಿಯಲ್ಲಿ ಕೊಂಡದ್ದಕ್ಕೆ ರಸೀತಿ ಇಟ್ಟುಕೊಳ್ಳಿ. ದಂಡೆಯಲ್ಲಿ ಸಿಕ್ಕಿದ ಹವಳದ ಚೂರನ್ನು ಮಕ್ಕಳು ಗುಟ್ಟಾಗಿ ಜೇಬಿಗಿಳಿಸುತ್ತಾರೆ. ಅದನ್ನು ತರುವುದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ಎಲ್ಲರೆದುರಿಗೆ ತೆಗೆಸಿಟ್ಟುಕೊಳ್ಳುತ್ತಾರೆ. ಅಳು ಆಗುವುದಾದರೆ ದಂಡೆಯಲ್ಲೇ ಆಗಿಹೋಗಲಿ.